ಕೊಡಗಿನ ಮಳೆಗೆ, ಏರಿಗೆ ಯಾವ ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳೋದು?

ಪ್ರಶ್ನೆ: ಸರ್, ನಮ್ಮದು ಸುಂಟಿಕೊಪ್ಪ. ಮಡಿಕೇರಿಯ ಒಂದು ಅಂಗಡಿಯಲ್ಲಿ ಕೆಲಸ. ರಾತ್ರಿ ಲೇಟಾದರೆ ಬಸ್ಸಿಗೆ ಕಷ್ಟ, ಅದಕ್ಕೆ 45 ಸಾವಿರದೊಳಗೆ ಹಳೇ ಬೈಕ್ ಹುಡುಕುತ್ತಿದ್ದೇನೆ. ಎರಡು ಸಿಕ್ಕಿವೆ. ಒಂದು 2016ರ ಪಲ್ಸರ್ 150, 62 ಸಾವಿರ ಕಿ.ಮೀ. ಓಡಿದೆ. ಇನ್ನೊಂದು 2019ರ ಸ್ಪ್ಲೆಂಡರ್, ತೋಟದವರದ್ದು, 19 ಸಾವಿರ ಅಷ್ಟೇ ಓಡಿದೆ. ವಾರದಲ್ಲಿ ಎರಡು ಮೂರು ದಿನ ಹೆಂಡತಿಯೂ ಜೊತೆಗೆ ಬರುತ್ತಾಳೆ. ಕಮ್ಮಿ ಓಡಿರೋದನ್ನೇ ತಗೊಳ್ಳಲಾ?

ಉತ್ತರ: ಬರೀ ಕಿಲೋಮೀಟರ್ ನೋಡಿ ತೀರ್ಮಾನ ಮಾಡಬೇಡಿ. ಬಯಲುಸೀಮೆಯಲ್ಲಿ ಆ ಲೆಕ್ಕ ಸ್ವಲ್ಪ ನಡೆಯುತ್ತದೆ, ನಮ್ಮಲ್ಲಿ ನಡೆಯಲ್ಲ. ತೋಟದ ಬೈಕ್ 19 ಸಾವಿರ ಓಡಿದೆ ಅಂದರೆ ಅದರಲ್ಲಿ ಬಹುಪಾಲು ಫಸ್ಟ್ ಗೇರು, ಸೆಕೆಂಡ್ ಗೇರಿನಲ್ಲಿ, ಅರ್ಧ ಕ್ಲಚ್ ಹಿಡಿದು, ಕಲ್ಲು ಕೆಸರಿನ ಏರಿನಲ್ಲಿ ಓಡಿರಬಹುದು. ಹಿಂದಿನ ಕ್ಯಾರಿಯರಿನಲ್ಲಿ ಗೊಬ್ಬರದ ಮೂಟೆ ಹೊತ್ತಿದ್ದರೆ ಇನ್ನೂ ಕಷ್ಟ, ಪೊಟ್ಯಾಷ್ ಬಿದ್ದ ಕಬ್ಬಿಣವನ್ನು ತುಕ್ಕು ಬೇಗ ತಿನ್ನುತ್ತದೆ. ಇನ್ನೊಂದು ಕಡೆ 62 ಸಾವಿರ ಓಡಿದ ಪಲ್ಸರನ್ನು ಯಾರಾದರೂ ಕುಶಾಲನಗರ–ಮೈಸೂರು ರಸ್ತೆಯಲ್ಲಿ ನೆಟ್ಟಗೆ ಓಡಿಸಿ, ಟೈಮಿಗೆ ಸರಿಯಾಗಿ ಆಯಿಲ್ ಬದಲಿಸಿದ್ದರೆ ಅದರ ಇಂಜಿನ್ ಇನ್ನೂ ಗಟ್ಟಿಯಾಗಿರಬಹುದು.

ಹಾಗಾಗಿ ಎರಡನ್ನೂ ಕೆಳಗಿನಿಂದ ನೋಡಿ. ನಿಜವಾಗಿಯೂ ನೆಲದ ಮೇಲೆ ಗೋಣಿಚೀಲ ಹಾಸಿ, ಮಲಗಿ, ಮೊಬೈಲ್ ಟಾರ್ಚ್ ಹಾಕಿ ನೋಡಬೇಕು. ಕೊಡಗಿನಲ್ಲಿ ಬೈಕ್ ಕೆಡೋದು ತುಕ್ಕಿನಿಂದಲೇ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಸರಿಯಾಗಿ ಒಣಗುವುದೇ ಇಲ್ಲ ಅಲ್ವಾ? ಸೆಂಟರ್ ಸ್ಟ್ಯಾಂಡ್ ಪಿನ್ನು, ಸೈಡ್ ಸ್ಟ್ಯಾಂಡ್ ಬೆಸುಗೆ, ಸೈಲೆನ್ಸರಿನ ಅಡಿಭಾಗ, ಬ್ಯಾಟರಿ ಕೂರುವ ತಟ್ಟೆ, ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್ ಆರ್ಮ್, ಇಷ್ಟನ್ನೂ ಬಿಡದೆ ನೋಡಿ. ಅಲ್ಲೆಲ್ಲ ಹೊಸದಾಗಿ ಕಪ್ಪು ಪೇಂಟ್ ಬಳಿದಿದ್ದರೆ ಅನುಮಾನಪಡಿ. ಬೆರಳಿನಿಂದ ಸವರಿದಾಗ ಪೇಂಟ್ ಗುಳ್ಳೆಗುಳ್ಳೆಯಾಗಿ ಉಬ್ಬಿದ್ದು ಸಿಕ್ಕರೆ ಒಳಗೆ ತುಕ್ಕು ನಡೆಯುತ್ತಿದೆ ಅಂತಲೇ ಅರ್ಥ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೂ ಟಾರ್ಚ್ ಬಿಡಿ. ಚಾಸಿಯಲ್ಲಿ ತುಕ್ಕು ಆಳಕ್ಕೆ ಇಳಿದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ. ಇಂಜಿನ್ ಆದರೆ ರಿಪೇರಿ ಮಾಡಿಸಬಹುದು, ಕೊಳೆತ ಚಾಸಿಗೆ ನಂಬಿಕೆಯ ರಿಪೇರಿ ಇಲ್ಲ.

2018, 2019ರ ಪ್ರವಾಹದಲ್ಲಿ ಹೊಳೆ ಪಕ್ಕದ ಊರುಗಳಲ್ಲಿ ಎಷ್ಟೋ ಗಾಡಿಗಳು ನೀರಿನಲ್ಲಿ ಮುಳುಗಿದ್ದವು. ನೀವು ನೋಡಿರುವ ಎರಡೂ ಆಗ ರಸ್ತೆಯಲ್ಲಿದ್ದಿರಬಹುದಾದ ಗಾಡಿಗಳೇ, ಅದಕ್ಕೆ ಎಲ್ಲಿ ನಿಲ್ಲುತ್ತಿತ್ತು ಅಂತ ಕೇಳಿ. ಹೆಡ್‌ಲೈಟಿನ ಒಳಗೆ, ಸೀಟಿನ ಅಡಿ ವೈರಿನ ಸಂದಿಯಲ್ಲಿ ಒಣಗಿದ ಕೆಸರಿನ ಗೆರೆ ಇದ್ದರೆ ಬಿಟ್ಟುಬಿಡಿ, ವೈರಿಂಗ್ ಯಾವತ್ತಾದರೂ ಕೈಕೊಡುತ್ತದೆ. ಇಂಜಿನ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ.

ನೋಡೋಕೆ ಬೆಳಿಗ್ಗೆ ಹೋಗಿ. ನಾನು ಬರೋ ತನಕ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿರಿ, ಹೋದ ಕೂಡಲೇ ಇಂಜಿನ್ ಮುಟ್ಟಿ ನೋಡಿ. ಬಿಸಿ ಇದ್ದರೆ ನಿಮಗಿಂತ ಮೊದಲೇ ಯಾರೋ ಸ್ಟಾರ್ಟ್ ಮಾಡಿದ್ದಾರೆ. ಚಳಿಯಲ್ಲಿ ಶುರುವಿಗೆ ಬರುವ ಬಿಳಿ ಹೊಗೆ ಆವಿ ಅಷ್ಟೇ, ಬೇಗ ನಿಲ್ಲುತ್ತದೆ. ನೀಲಿ ಹೊಗೆ ಬರ್ತಾ ಇದ್ದರೆ ಮಾತ್ರ ಆಯಿಲ್ ಸುಡುತ್ತಿದೆ, ಅಂದರೆ ಬೋರು, ಪಿಸ್ಟನ್ ಅಥವಾ ವಾಲ್ವ್ ಸೀಲಿನ ಖರ್ಚು.

ಆಮೇಲೆ ಒಂದು ಏರಿಗೆ ತಗೊಂಡು ಹೋಗಿ, ಹೆಂಡತಿಯನ್ನೂ ಕೂರಿಸಿಕೊಳ್ಳಿ. ಥರ್ಡ್ ಗೇರಿನಲ್ಲಿ ಎಕ್ಸಲೇಟರ್ ತಿರುಗಿಸಿದಾಗ ಇಂಜಿನ್ ಸದ್ದು ಮೇಲೇರಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಇಳಿಯುವಾಗ ಗೇರು ತಾನಾಗಿ ಜಾರಬಾರದು. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನ ತಿರುಗಿಸಿ, ಮಧ್ಯದಲ್ಲಿ ಕಟಕ್ಕಂತ ಹಿಡಿದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್, ಹೋಗಿದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಅಂದರೆ 2019ನೇ ವರ್ಷದ 23ನೇ ವಾರದ್ದು. ಟೈರಿನ ಗ್ರಿಪ್ ಗುಂಡಿ ಎಷ್ಟೇ ಉಳಿದಿದ್ದರೂ ಹಳೇ ಗಟ್ಟಿಯಾದ ರಬ್ಬರ್ ಒದ್ದೆ ತಿರುವಿನಲ್ಲಿ ಜಾರುತ್ತದೆ, ಅದನ್ನು ಬದಲಿಸುವ ದುಡ್ಡು ಮೊದಲೇ ಎತ್ತಿಟ್ಟುಕೊಳ್ಳಿ. ಟೈರು, ಚೈನ್ ಸೆಟ್, ಬ್ಯಾಟರಿ ಎಲ್ಲ ಒಟ್ಟಿಗೆ ಬಂದರೆ ಐದಾರು ಸಾವಿರ ಸುಲಭವಾಗಿ ಹೋಗುತ್ತದೆ. ಹಾಗಾಗಿ ಗಾಡಿಗೆ 45 ಅಲ್ಲ, 38–39ರ ಒಳಗೆ ಮಾತಾಡಿ.

ಈಗ ಯಾವುದು ಅಂತ. ಒಬ್ಬರೇ ಓಡಾಡುವುದಾದರೆ ಸ್ಪ್ಲೆಂಡರ್ ಸಾಕು, ಮೈಲೇಜು ಚೆನ್ನಾಗಿದೆ, ಪಾರ್ಟ್ಸ್ ಎಲ್ಲ ಕಡೆ ಸಿಗುತ್ತದೆ, ಬಿಚ್ಚಲು ಬಾರದ ಮೆಕ್ಯಾನಿಕ್ ಇಲ್ಲ. ಆದರೆ ಇಬ್ಬರು ಕೂತು ಮಡಿಕೇರಿ ಏರು ಹತ್ತಬೇಕು, ರಾತ್ರಿ ಮಳೆಯಲ್ಲಿ ಇಳಿದು ಬರಬೇಕು ಅಂದರೆ 100 ಸಿಸಿ ಒದ್ದಾಡುತ್ತದೆ, ಎರಡೂ ಕಡೆ ಡ್ರಮ್ ಬ್ರೇಕ್ ಬೇರೆ. 2019ರ ಏಪ್ರಿಲ್ ನಂತರದ್ದಾದರೆ ಕಾಂಬಿ ಬ್ರೇಕ್ (ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯುವಂಥದ್ದು) ಇರುತ್ತದೆ, ಕೇಳಿ ನೋಡಿ. ಪಲ್ಸರಿನ ಮುಂದಿನ ಡಿಸ್ಕ್ ಬ್ರೇಕ್ ನಿಮ್ಮ ದಾರಿಗೆ ದೊಡ್ಡ ಅನುಕೂಲ, ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿದರೂ ಪರವಾಗಿಲ್ಲ. ಅಡಿಭಾಗ ಚೆನ್ನಾಗಿದ್ದರೆ ಎರಡರಲ್ಲಿ ನಾನು ಪಲ್ಸರನ್ನೇ ತಗೊಳ್ಳಿ ಅನ್ನುತ್ತೇನೆ. ಅವಸರ ಇಲ್ಲದಿದ್ದರೆ ಇನ್ನೊಂದು ತಿಂಗಳು ಕಾದು ಡಿಸ್ಕ್ ಇರುವ ಹೋಂಡಾ ಶೈನ್ 125 ಹುಡುಕಿ. ಹುಣಸೂರು, ಮೈಸೂರು ಕಡೆಯೂ ನೋಡಿ, ಅಲ್ಲಿ ಮಳೆ ಕಮ್ಮಿ, ಗಾಡಿಯ ಮೈ ಚೊಕ್ಕಟವಾಗಿ ಸಿಗುವ ಸಾಧ್ಯತೆ ಜಾಸ್ತಿ.

ಪ್ರಶ್ನೆ: ನಾವು ವಿರಾಜಪೇಟೆಯವರು. ಕೇರಳ ನಂಬರಿನ ಬೈಕ್ ಹತ್ತು ಸಾವಿರ ಕಮ್ಮಿಗೆ ಸಿಗುತ್ತಿದೆ. ಸಹಿ ಮಾಡಿದ ಫಾರಂ ಕೊಡ್ತೀವಿ, ಆಮೇಲೆ ನಿಧಾನಕ್ಕೆ ಮಾಡಿಸಿಕೊಳ್ಳಿ ಅಂತಾರೆ. ತಗೊಳ್ಳಬಹುದಾ?

ಉತ್ತರ: ಆ "ನಿಧಾನಕ್ಕೆ" ಅನ್ನೋ ಮಾತನ್ನು ನಂಬಬೇಡಿ. ಕೇರಳದ ಗಾಡಿಯನ್ನು ನಮ್ಮ ಕೊಡಗಿನ ಕೆಎ 12 ನಂಬರಿಗೆ ಮಾಡಿಸಬೇಕಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಇಲ್ಲಿ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಅದನ್ನೆಲ್ಲ ಕೂಡಿಸಿ ನೋಡಿ, ಹತ್ತು ಸಾವಿರದ ಲಾಭ ಎಷ್ಟು ಉಳಿಯುತ್ತದೆ ಅಂತ ಗೊತ್ತಾಗುತ್ತದೆ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರ ಮತ್ತು ಫಾರಂ 35 ಕೂಡ ಬೇಕು.

ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಆರ್‌ಸಿ ಪಕ್ಕ ಇಟ್ಟು ಅಂಕಿ ಅಂಕಿ ಹೋಲಿಸಿ. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ವಿಮೆ ಇದೆಯಾ ನೋಡಿ, ದಂಡ ಬಾಕಿ ಇದ್ದರೆ ಮಾರುವವರಿಂದಲೇ ಕಟ್ಟಿಸಿ. ಕೊಂಡ ಮೇಲೆ 14 ದಿನದೊಳಗೆ ವಿಮೆಯನ್ನು ನಿಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು. ಮಾಲೀಕರ ಹೆಸರು ಬದಲಿಸುವ ಫಾರಂ 29, 30ಕ್ಕೆ ಬರೀ ಸಹಿ ಇಸಕೊಂಡು ವರ್ಷಗಟ್ಟಲೆ ಓಡಿಸುವವರು ನಮ್ಮ ಕಡೆ ತುಂಬ ಜನ ಇದ್ದಾರೆ, ಅಷ್ಟರಲ್ಲಿ ಹಳೇ ಮಾಲೀಕ ಊರು ಬಿಟ್ಟರೆ ಅಥವಾ ತೀರಿಕೊಂಡರೆ ಕಾಗದಕ್ಕೆ ಅಲೆದು ಸಾಕಾಗುತ್ತದೆ. ಮಾರುವವರೇ ಎನ್‌ಒಸಿ ತೆಗೆಸಿ ಕೊಡಲಿ. ಅದು ಕೈಗೆ ಬರುವ ತನಕ ಸಣ್ಣ ಅಡ್ವಾನ್ಸ್ ಮಾತ್ರ ಕೊಡಿ, ಅದನ್ನೂ ಚೀಟಿಯಲ್ಲಿ ಬರೆಸಿಕೊಂಡು.