ಎಂ.ಎ. ಡಿಸರ್ಟೇಶನ್‌ಗೆ ಪೇರ್ಡ್ ಟಿ-ಟೆಸ್ಟ್ ಹಾಕಬೇಕಾ, ವಿಲ್ಕಾಕ್ಸನ್ ಹಾಕಬೇಕಾ?

ಎರಡೂ ಒಂದೇ ಗುಂಪಿನ ಮೊದಲಿನ ಮತ್ತು ನಂತರದ ಸ್ಕೋರ್ ಹೋಲಿಸುವ ಲೆಕ್ಕಗಳೇ, ಆ ಟೆಸ್ಟ್ ವಿಷಯ ಸದ್ಯಕ್ಕೆ ಪಕ್ಕಕ್ಕಿಡಿ. ಹಾಸ್ಟೆಲ್‌ನ ಎಲ್ಲರಿಗೂ ಒತ್ತಡದ ಪ್ರಶ್ನಾವಳಿ ಕೊಟ್ಟು, ಸ್ಕೋರ್ ಜಾಸ್ತಿ ಬಂದ 30 ಜನರನ್ನು ಆರಿಸಿ, ನಾಲ್ಕು ವಾರ ಪ್ರಾಣಾಯಾಮ ಮಾಡಿಸಿ, ಮತ್ತೆ ಅದೇ ಪ್ರಶ್ನಾವಳಿ ಕೊಡುತ್ತೇನೆ ಅಂತ ಬರೆದಿದ್ದೀರಿ. ನಾನು ಎಂ.ಎ. ಸೈಕಾಲಜಿ ಕೊನೆಯ ವರ್ಷದಲ್ಲಿ ಮಾಡಿದ್ದು ಹೆಚ್ಚುಕಮ್ಮಿ ಇದೇ. ನನ್ನ ತಲೆ ತಿಂದದ್ದೂ ನಿಮ್ಮ ಪ್ರಶ್ನೆಯೇ.

ನಾನೂ ನಿಮ್ಮ ಹಾಗೆ ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್ ತೆಗೆದುಕೊಂಡಿದ್ದೆ. ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ್ದು, ಅದರ 10 ಪ್ರಶ್ನೆಗಳ ರೂಪ, ಸ್ಕೋರ್ 0ಯಿಂದ 40ರವರೆಗೆ. ಲೇಡೀಸ್ ಹಾಸ್ಟೆಲ್‌ನಲ್ಲಿ ಎಲ್ಲರಿಂದ ಫಾರ್ಮ್ ತುಂಬಿಸಿದೆ. ಸ್ಕೋರ್ ಜಾಸ್ತಿ ಇದ್ದವರನ್ನು ಪಟ್ಟಿ ಮಾಡಿ, ಬೆಳಿಗ್ಗೆ ತಿಂಡಿಗೆ ಮೊದಲು ಟೆರೇಸ್ ಮೇಲೆ ಕೂರಿಸಿ ಉಸಿರಾಟದ ಅಭ್ಯಾಸ ಮಾಡಿಸಿದೆ. ಹುಡುಗಿಯರು ಖುಷಿಯಿಂದಲೇ ಬಂದರು. ಕೊನೆಗೆ ಮತ್ತೆ ಫಾರ್ಮ್ ಕೊಟ್ಟಾಗ ಸ್ಕೋರ್ ಚೆನ್ನಾಗಿ ಇಳಿದಿತ್ತು. ಟಿ-ಟೆಸ್ಟ್ ಹಾಕಿದೆ, ಪಿ ವ್ಯಾಲ್ಯೂ (ನಿಜವಾದ ಬದಲಾವಣೆ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಬರುವ ಸಾಧ್ಯತೆ) 0.001ಕ್ಕಿಂತ ಕಡಿಮೆ. ಪ್ರಾಣಾಯಾಮದಿಂದ ಒತ್ತಡ ಕಡಿಮೆಯಾಗುತ್ತದೆ ಅಂತ ತೀರ್ಮಾನ ಬರೆದು ಬೈಂಡಿಂಗ್‌ಗೆ ಕೊಟ್ಟೆ.

ವೈವಾಕ್ಕೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಟೆಸ್ಟ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಈ ಮಕ್ಕಳಿಗೆ ನೀನು ಏನೂ ಮಾಡಿಸದೇ ಇದ್ದಿದ್ದರೆ ಎರಡನೇ ಸಲ ಸ್ಕೋರ್ ಎಷ್ಟು ಬರುತ್ತಿತ್ತಮ್ಮಾ?" ಅಂದರು. "ಮೊದಲಿನಷ್ಟೇ ಇರುತ್ತಿತ್ತು ಸರ್" ಅಂದೆ. "ಹೇಗೆ ಗೊತ್ತು?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಭಾಗವನ್ನು ಉದ್ದಕ್ಕೇ ಹೇಳುತ್ತೇನೆ, ಕ್ಲಾಸಿನಲ್ಲಿ ಇದು ಒಂದು ಸಾಲಿನಲ್ಲಿ ಬಂದು ಹೋಗಿಬಿಡುತ್ತದೆ. ಒಬ್ಬಳ ಸ್ಕೋರ್ 31 ಬಂತು ಅನ್ನಿ. ಆ 31ರಲ್ಲಿ ಅವಳು ಯಾವಾಗಲೂ ಇರುವ ರೀತಿಯೂ ಇದೆ, ಆ ಹೊತ್ತಿನ ಏರುಪೇರೂ ಇದೆ. ಮನೆಯಲ್ಲಿ ಜಗಳ, ಜ್ವರ, ರೂಂಮೇಟ್ ಜೊತೆ ಮುನಿಸು, ಪ್ರಶ್ನೆಯನ್ನು ಅವಸರದಲ್ಲಿ ಓದಿದ್ದು, ಎಲ್ಲ ಸೇರಿ. ಈ ಏರುಪೇರು ಕೆಲವರ ಸ್ಕೋರನ್ನು ಮೇಲಕ್ಕೆ ತಳ್ಳಿರುತ್ತದೆ, ಕೆಲವರದ್ದನ್ನು ಕೆಳಕ್ಕೆ. ಈಗ ಪಟ್ಟಿಯ ಮೇಲಿನವರನ್ನು ಮಾತ್ರ ಆರಿಸಿದರೆ ಆ ಗುಂಪಿನಲ್ಲಿ ಜಾಸ್ತಿ ಇರುವವರು ಯಾರು? ಆ ವಾರ ಮೇಲಕ್ಕೆ ತಳ್ಳಲ್ಪಟ್ಟವರು. ತಿಂಗಳು ಕಳೆದ ಮೇಲೆ ಜಗಳ ತಣ್ಣಗಾಗಿರುತ್ತದೆ, ಜ್ವರ ಬಿಟ್ಟಿರುತ್ತದೆ. ಒಬ್ಬಿಬ್ಬರಿಗೆ ಹೊಸ ತೊಂದರೆ ಬಂದಿರಬಹುದು, ಆದರೆ ಎಲ್ಲರಿಗೂ ಒಟ್ಟಿಗೆ ಬರುವುದಿಲ್ಲ ಅಲ್ವಾ? ಹಾಗಾಗಿ ಗುಂಪಿನ ಸರಾಸರಿ ತಾನಾಗಿಯೇ ಇಳಿಯುತ್ತದೆ, ನೀವು ಸುಮ್ನೆ ಕೂತಿದ್ದರೂ. ಪಟ್ಟಿಯ ಕೆಳಗಿನವರನ್ನು ಆರಿಸಿದ್ದರೆ ಅದೇ ರೀತಿ ಏರುತ್ತಿತ್ತು. ರಿಗ್ರೆಶನ್ ಟು ದ ಮೀನ್, ಅಂದರೆ ಸರಾಸರಿಯತ್ತ ಮರಳುವುದು, ಇದೇ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ತಂದೆತಾಯಿ ಮತ್ತು ಮಕ್ಕಳ ಎತ್ತರದ ಲೆಕ್ಕದಲ್ಲಿ ಇದನ್ನು ತೋರಿಸಿದ್ದರು: ತುಂಬಾ ಎತ್ತರದ ತಂದೆತಾಯಿಯ ಮಕ್ಕಳು ಸರಾಸರಿಯಲ್ಲಿ ಅವರಷ್ಟು ಎತ್ತರ ಇರುವುದಿಲ್ಲ.

ಇದು ನನ್ನ ತಲೆಗೆ ಪೂರ್ತಿ ಇಳಿದದ್ದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಹೇಳಿದ ಒಂದು ಪ್ರಸಂಗದಿಂದ. ಇಸ್ರೇಲ್ ವಾಯುಪಡೆಯ ತರಬೇತುದಾರರಿಗೆ ಅವರು ಪಾಠ ಮಾಡುತ್ತಿದ್ದರು. ಬೈಯುವುದಕ್ಕಿಂತ ಹೊಗಳಿದರೆ ಕಲಿಕೆ ಚೆನ್ನಾಗಿ ಆಗುತ್ತದೆ ಅಂದಾಗ ಒಬ್ಬ ಹಿರಿಯ ತರಬೇತುದಾರ ಒಪ್ಪಲಿಲ್ಲ. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ, ನಾನೇ ಕಣ್ಣಾರೆ ನೋಡಿದ್ದೇನೆ ಅಂದ. ಅವನು ನೋಡಿದ್ದು ನಿಜವೇ. ಆದರೆ ಅದು ಬೈಗುಳದಿಂದ ಆದದ್ದಲ್ಲ. ತುಂಬಾ ಚೆನ್ನಾದ ಹಾರಾಟದ ಮುಂದಿನದ್ದು ಸಾಮಾನ್ಯವಾಗಿ ಸ್ವಲ್ಪ ಕಡಿಮೆಯೇ ಇರುತ್ತದೆ, ತುಂಬಾ ಕೆಟ್ಟದ್ದರ ಮುಂದಿನದ್ದು ಸ್ವಲ್ಪ ಮೇಲೇ. ನನ್ನ ಹುಡುಗಿಯರ ಸ್ಕೋರ್ ಇಳಿದದ್ದೂ ನಿಜವೇ, ಕಾರಣ ಮಾತ್ರ ನಾನು ಅಂಟಿಸಿದ್ದು.

ಇದರ ಮೇಲೆ ಇನ್ನೊಂದಿದೆ. ಮೊದಲ ಫಾರ್ಮ್ ತುಂಬಿಸಿದ್ದು ಇಂಟರ್ನಲ್ಸ್ ಹತ್ತಿರ ಇದ್ದಾಗ, ಎರಡನೆಯದು ಮುಗಿದ ಮೇಲೆ. ಪರೀಕ್ಷೆ ಮುಗಿದರೆ ಯಾರಿಗಾದರೂ ಹಗುರ ಅನ್ನಿಸುತ್ತದೆ. ಸಂಶೋಧನಾ ವಿನ್ಯಾಸಗಳ ಬಗ್ಗೆ ಬರೆದ ಕ್ಯಾಂಪ್‌ಬೆಲ್ ಮತ್ತು ಸ್ಟ್ಯಾನ್ಲಿ 1963ರಲ್ಲೇ ಒಂದೇ ಗುಂಪಿಗೆ ಮೊದಲು-ನಂತರ ಅಳೆಯುವ ಈ ವಿನ್ಯಾಸವನ್ನು ಹೆಸರಿಟ್ಟು, ಅದು ಎಲ್ಲೆಲ್ಲಿ ಕೈಕೊಡುತ್ತದೆ ಅಂತ ಸಾಲಾಗಿ ಬರೆದಿಟ್ಟಿದ್ದಾರೆ. ಆ ಪಟ್ಟಿ ನಮ್ಮ ಸಿಲೆಬಸ್‌ನಲ್ಲೂ ಇತ್ತು. ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ.

ಟಿ-ಟೆಸ್ಟ್ ಇದನ್ನೆಲ್ಲ ಹಿಡಿಯುವುದಿಲ್ಲ. ಎರಡು ಸರಾಸರಿಗಳ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಇಷ್ಟು ಬರಬಹುದಿತ್ತಾ ಅನ್ನುವುದಷ್ಟೇ ಅದಕ್ಕೆ ಗೊತ್ತು. ಯಾವುದರಿಂದ ಬಂತು ಅನ್ನುವುದು ಗೊತ್ತಿಲ್ಲ. ವಿಲ್ಕಾಕ್ಸನ್‌ಗೂ ಗೊತ್ತಿಲ್ಲ. ಜನ ಜಾಸ್ತಿ ಮಾಡಿದರೆ ಪಿ ಇನ್ನೂ ಚಿಕ್ಕದಾಗುತ್ತದೆ, ತೀರ್ಮಾನ ಮಾತ್ರ ಅಷ್ಟೇ ತಪ್ಪಾಗಿ ಉಳಿಯುತ್ತದೆ.

ನನಗೆ ಇದರಿಂದ ಒಂದು ವರ್ಷ ಹೋಯಿತು. ಡಿಸರ್ಟೇಶನ್ ಮತ್ತೆ ಮಾಡಬೇಕಾಯಿತು, ಪಿಎಚ್‌.ಡಿ. ಪ್ರವೇಶ ಮುಂದಕ್ಕೆ ಹೋಯಿತು. ಅದಕ್ಕಿಂತ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ವೈವಾಕ್ಕೆ ಮೊದಲೇ ವಾರ್ಡನ್ ಮೇಡಂಗೆ ಒಂದು ಪ್ರತಿ ಕೊಟ್ಟಿದ್ದೆ. ಹಾಸ್ಟೆಲ್‌ಗೆ ವಾರಕ್ಕೊಮ್ಮೆ ಕೌನ್ಸೆಲರ್ ಕರೆಸುವ ಮಾತು ನಡೆಯುತ್ತಿತ್ತು, ಪ್ರಾಣಾಯಾಮದಲ್ಲೇ ಸರಿಹೋಗುತ್ತದಲ್ಲ ಅಂತ ಅದನ್ನು ಕೈಬಿಟ್ಟರು. ನಾನು ಬರೆದದ್ದನ್ನು ಅವರು ನಂಬಿದರು, ಅವರ ತಪ್ಪೇನೂ ಇಲ್ಲ.

ಎರಡನೇ ಸಲ ಗೈಡ್ ಜೊತೆ ಕೂತು ಮೊದಲು ವಿನ್ಯಾಸ ಮಾಡಿದೆ. ಸ್ಕೋರ್ ಜಾಸ್ತಿ ಇದ್ದವರನ್ನೇ ತೆಗೆದುಕೊಂಡೆ, ಆದರೆ ಚೀಟಿ ಎತ್ತಿ ಎರಡು ಗುಂಪು ಮಾಡಿದೆ. ಒಂದಕ್ಕೆ ಈಗಲೇ ಅಭ್ಯಾಸ, ಇನ್ನೊಂದಕ್ಕೆ ಕೊನೆಯ ಫಾರ್ಮ್ ತುಂಬಿದ ಮೇಲೆ. ಎರಡೂ ಗುಂಪಿನ ಸ್ಕೋರ್ ಇಳಿಯಿತು! ಕಾಯುತ್ತಿದ್ದ ಗುಂಪಿನದ್ದೂ. ಅಭ್ಯಾಸ ಮಾಡಿದವರದ್ದು ಸ್ವಲ್ಪ ಜಾಸ್ತಿ ಇಳಿದಿತ್ತು, ಖಚಿತವಾಗಿ ಹೇಳುವಷ್ಟು ಜಾಸ್ತಿ ಅಲ್ಲ. ಹಾಗೆಯೇ ಬರೆದೆ. ವೈವಾ ಸುಲಭವಾಗಿ ಆಯಿತು.

ಹಾಗಾಗಿ ನನ್ನ ಮಾತು ಇಷ್ಟು. ಹೋಲಿಸಲು ಎರಡನೇ ಗುಂಪು ಇಲ್ಲದೆ ಒಂದೂ ಫಾರ್ಮ್ ಹಂಚಬೇಡಿ. ಯಾರು ಯಾವ ಗುಂಪಿಗೆ ಅನ್ನುವುದನ್ನು ಚೀಟಿ ನಿರ್ಧರಿಸಲಿ, ನೀವೂ ಬೇಡ, ಅವರೂ ಬೇಡ. ಆಸೆಯಿಂದ ಬಂದವರನ್ನು ಅಭ್ಯಾಸಕ್ಕೆ, ಉಳಿದವರನ್ನು ಹೋಲಿಕೆಗೆ ಹಾಕಿದರೆ ಮತ್ತೆ ಅದೇ ಕಥೆ. ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದ ಗೊಬ್ಬರದ ಪ್ರಯೋಗಗಳಲ್ಲಿ ಪಾತಿಗಳನ್ನು ಹೀಗೆ ಚೀಟಿ ಎತ್ತಿದಂತೆಯೇ ಹಂಚಬೇಕು ಅಂತ ಪಟ್ಟು ಹಿಡಿದದ್ದು ಇದಕ್ಕೇ: ಯಾವ ಪಾತಿಯ ಮಣ್ಣು ಒಳ್ಳೆಯದು ಅಂತ ನಮಗೆ ಪೂರ್ತಿ ಗೊತ್ತಿರುವುದಿಲ್ಲ. ಸಾಧ್ಯವಾದರೆ ಎರಡನೇ ಗುಂಪಿಗೂ ಏನಾದರೂ ಮಾಡಿಸಿ, ಅಷ್ಟೇ ಹೊತ್ತು ಕೂತು ಸಂಗೀತ ಕೇಳುವುದಾದರೂ ಸರಿ. ಪ್ರಯೋಗಕ್ಕೆ ಬಂದವರು ನಮಗೆ ಏನು ಬೇಕು ಅಂತ ಊಹಿಸಿ ಹಾಗೆ ನಡೆದುಕೊಳ್ಳುತ್ತಾರೆ ಅಂತ ಮನೋವೈದ್ಯ ಮಾರ್ಟಿನ್ ಓರ್ನ್ 1962ರಲ್ಲೇ ಬರೆದಿದ್ದಾರೆ. ಬೆಳಿಗ್ಗೆ ಎದ್ದು ಅವರಿಗಾಗಿ ಕಾಯುವ ಅಕ್ಕನ ಮನಸ್ಸು ನೋಯಿಸಲು ಯಾವ ಹುಡುಗಿಗೂ ಇಷ್ಟ ಇರುವುದಿಲ್ಲ.

ನಿಮ್ಮ ಸ್ಕೇಲ್ ಬಗ್ಗೆ ಎರಡು ಮಾತು. ಅದು ಕೇಳುವುದು ಕಳೆದ ಒಂದು ತಿಂಗಳ ಬಗ್ಗೆ. ನಾಲ್ಕು ವಾರ ಮುಗಿದ ದಿನವೇ ಫಾರ್ಮ್ ಕೊಟ್ಟರೆ ಅಭ್ಯಾಸ ಇನ್ನೂ ಕೈಹತ್ತದ ಮೊದಲ ದಿನಗಳೂ ಉತ್ತರದಲ್ಲಿ ಸೇರುತ್ತವೆ, ಸ್ವಲ್ಪ ಬಿಟ್ಟು ಕೊಡಿ. ಮತ್ತೆ 4, 5, 7, 8ನೇ ಪ್ರಶ್ನೆಗಳ ಅಂಕವನ್ನು ತಿರುಗಿಸಿ (0 ಇದ್ದರೆ 4, 1 ಇದ್ದರೆ 3, ಹೀಗೆ) ಕೂಡಬೇಕು. ಒಪ್ಪಿಗೆ ಪತ್ರ ಮರೆಯಬೇಡಿ, 18 ತುಂಬದವರಿದ್ದರೆ ಪೋಷಕರ ಸಹಿಯೂ ಬೇಕು.

ಇನ್ನು ಆ 30 ಜನ. ಎರಡು ಗುಂಪು ಮಾಡಿದರೆ 15-15 ಆಗುತ್ತಾರೆ. ಮಧ್ಯಮ ಗಾತ್ರದ ಪರಿಣಾಮವನ್ನು 80% ಸಾಧ್ಯತೆಯಿಂದ ಹಿಡಿಯಲು ಗುಂಪಿಗೆ 64 ಜನ ಬೇಕು, ದೊಡ್ಡ ಪರಿಣಾಮಕ್ಕೂ 26. ಮೊದಲ ಸ್ಕೋರನ್ನು ಲೆಕ್ಕಕ್ಕೆ ಸೇರಿಸಿಕೊಂಡರೆ ಸ್ವಲ್ಪ ಕಡಿಮೆ ಸಾಕು. ಎಷ್ಟು ಜನ ಬೇಕು ಅಂತ ಲೆಕ್ಕ ಹಾಕುವ ಜಿ-ಪವರ್ ಅನ್ನುವ ಸಾಫ್ಟ್‌ವೇರ್ ಉಚಿತ, ನೀವೇ ಹಾಕಿ ನೋಡಿ. ಅಷ್ಟು ಜನ ಸಿಗುವುದಿಲ್ಲ ಅಂದರೆ ಪ್ರಯೋಗವನ್ನೇ ಬಿಡಿ ಅನ್ನುತ್ತೇನೆ. ಹತ್ತು-ಹನ್ನೆರಡು ಜನರ ಜೊತೆ ಕೂತು, ಹಾಸ್ಟೆಲ್‌ನಲ್ಲಿ ಒತ್ತಡ ಎಲ್ಲಿಂದ ಬರುತ್ತದೆ ಅಂತ ಮನಸ್ಸಿಟ್ಟು ಮಾತಾಡಿಸಿ, ರೆಕಾರ್ಡ್ ಮಾಡಿ, ಬರೆದುಕೊಂಡು, ಥೀಮ್ಯಾಟಿಕ್ ಅನಾಲಿಸಿಸ್ ಮಾಡಿ, ಅಂದರೆ ಆ ಮಾತುಗಳಲ್ಲಿ ಮತ್ತೆ ಮತ್ತೆ ಬರುವ ವಿಷಯಗಳನ್ನು ಹುಡುಕಿ ಜೋಡಿಸಿ. ಅದು ಸುಲಭದ ಕೆಲಸ ಅಂತ ಹೇಳುತ್ತಿಲ್ಲ, ಒಂದು ಗಂಟೆಯ ಮಾತನ್ನು ಬರೆದಿಳಿಸಲು ಇಡೀ ದಿನ ಹಿಡಿಯಬಹುದು. ಆದರೆ ಅದರಿಂದ ಬಂದದ್ದನ್ನು ನೀವು ನಿಂತು ಸಮರ್ಥಿಸಬಹುದು. ಅಂಕಿ ಇಲ್ಲದಿದ್ದರೆ ರಿಸರ್ಚ್ ಅಲ್ಲ ಅನ್ನುವ ಮಾತು ಡಿಪಾರ್ಟ್‌ಮೆಂಟ್‌ನಲ್ಲಿ ಕೇಳಿದ್ದರೆ ಅದನ್ನು ನಂಬಬೇಡಿ.

ಹಾಸ್ಟೆಲ್‌ನಲ್ಲಿ ಒಟ್ಟು ಎಷ್ಟು ಜನ ಇದ್ದಾರೆ, ನಿಮ್ಮ ಇಂಟರ್ನಲ್ಸ್ ಯಾವಾಗ, ಗೈಡ್ ಸಿನಾಪ್ಸಿಸ್‌ಗೆ ಆಗಲೇ ಸಹಿ ಹಾಕಿದ್ದಾರಾ, ಇವಿಷ್ಟನ್ನು ಕೆಳಗೆ ತಿಳಿಸಿ. ಸಹಿ ಆಗಿದ್ದರೂ ಚಿಂತೆ ಬೇಡ, ಹೋಲಿಕೆಯ ಗುಂಪು ಸೇರಿಸುತ್ತೇನೆ ಅಂದರೆ ಬೇಡ ಅನ್ನುವ ಗೈಡ್ ಸಿಗುವುದು ಕಷ್ಟ.