ಅವ್ವ ಉಳೀತಾಳೇನ್ರಿ? ಐಸಿಯು ರಿಪೋರ್ಟಿನ ಅಂಕಿಗಳನ್ನು ಓದುವ ಬಗೆ

ಪ್ರಶ್ನೆ: ನಮ್ಮವ್ವಗ 58 ವರ್ಷ, ಹತ್ತು ವರ್ಷದಿಂದ ಶುಗರ್ ಐತಿ. ಕಾಲಿನ ಗಾಯ ಕೀವಾಗಿ ನಂಜು ಮೈಯೆಲ್ಲ ಏರೇತಿ ಅಂತ ಹುಬ್ಬಳ್ಳ್ಯಾಗ ಐಸಿಯುದಾಗ ಇಟ್ಟಾರ. ಮೂರು ದಿನದ ರಿಪೋರ್ಟ್ ಹಿಂಗ ಐತಿ: ಲ್ಯಾಕ್ಟೇಟ್ 5.4, 2.6, 1.8. ಪ್ರೊಕ್ಯಾಲ್ಸಿಟೋನಿನ್ 38, 44, 21. ಕ್ರಿಯಾಟಿನಿನ್ 2.4, 2.8, 2.9. ಪ್ಲೇಟ್‌ಲೆಟ್ 1.90 ಲಕ್ಷ ಇದ್ದದ್ದು 1.10 ಲಕ್ಷ ಆತು, ಈಗ 74 ಸಾವಿರ. ಒಂದು ಇಳದ್ರ ಒಂದು ಏರತೈತಿ. ಯಾವದನ್ನ ನಂಬೋದು? ಅವ್ವ ಉಳೀತಾಳೇನ್ರಿ?
ಓದುಗರು, ರಾಣೆಬೆನ್ನೂರು

ಉತ್ತರ: ಗಂಡಾಂತರ ಪೂರ್ತಿ ಕಳೆದಿಲ್ಲ. ಆದರೆ ಮೊದಲ ದಿನಕ್ಕಿಂತ ಇವತ್ತು ಭರವಸೆ ಹೆಚ್ಚಿದೆ. ಹೀಗೆ ಹೇಳಲು ಮುಖ್ಯ ಕಾರಣ ಲ್ಯಾಕ್ಟೇಟ್, ಅಂದರೆ ಜೀವಕೋಶಗಳು ಸಕ್ಕರೆ ಬಳಸಿದಾಗ ರಕ್ತಕ್ಕೆ ಸೇರುವ ವಸ್ತು.

ನಂಜು ರಕ್ತಕ್ಕೇರಿದಾಗ ಅಂಗಾಂಗಗಳಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ, ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತದೆ, ಯಕೃತ್ತು ಲ್ಯಾಕ್ಟೇಟನ್ನು ತೆಗೆದುಹಾಕುವುದೂ ನಿಧಾನವಾಗುತ್ತದೆ. ಮೂರೂ ಸೇರಿ ಅಂಕಿ ಏರುತ್ತದೆ. 2ರ ಒಳಗಿದ್ದರೆ ಸಹಜ, 4 ದಾಟಿದರೆ ಅಪಾಯದ ಗುಂಪು. ಸಾಕಷ್ಟು ಸಲೈನ್ ಕೊಟ್ಟ ಮೇಲೂ ಬಿಪಿ ನಿಲ್ಲಿಸಲು ಔಷಧಿ ಬೇಕಾಗಿ, ಲ್ಯಾಕ್ಟೇಟ್ 2ಕ್ಕಿಂತ ಹೆಚ್ಚಿದ್ದರೆ ಅದನ್ನು ಸೆಪ್ಟಿಕ್ ಶಾಕ್ ಎನ್ನುತ್ತಾರೆ. 2016ರಲ್ಲಿ ಈ ವ್ಯಾಖ್ಯೆ ಬಂದಾಗ ಅಂಥವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಜನ ತೀರಿಕೊಳ್ಳುತ್ತಾರೆಂದು ಲೆಕ್ಕ ಸಿಕ್ಕಿತ್ತು. ಇದು ನೂರು ಜನರ ಲೆಕ್ಕ. ಆ ನೂರರಲ್ಲಿ ನಿಮ್ಮವ್ವ ಯಾವ ಕಡೆ ಎಂಬುದನ್ನು ಒಂದು ಹೊತ್ತಿನ ಅಂಕಿ ಹೇಳಲಾರದು. ಅದು ಎತ್ತ ಹೊರಟಿದೆ ಎಂಬುದು ಹೆಚ್ಚು ಹೇಳುತ್ತದೆ. 5.4 ಇದ್ದದ್ದು ಮರುದಿನ 2.6 ಆಗಿದೆ, ಅಂದರೆ ಅರ್ಧಕ್ಕಿಂತ ಹೆಚ್ಚು ಇಳಿದಿದೆ. 5.4ರಲ್ಲೇ ನಿಂತಿದ್ದರೆ ಈ ಉತ್ತರ ಬೇರೆಯಾಗುತ್ತಿತ್ತು.

ಪ್ರೊಕ್ಯಾಲ್ಸಿಟೋನಿನ್ ಎರಡನೇ ದಿನ ಏರಿದ್ದಕ್ಕೆ ಗಾಬರಿ ಬೇಡ. ಬ್ಯಾಕ್ಟೀರಿಯಾದ ಸೋಂಕು ಜೋರಾದಾಗ ಅದು ಕೆಲವು ಗಂಟೆಗಳಲ್ಲೇ ಏರತೊಡಗಿ, ಸುಮಾರು ಒಂದು ದಿನದಲ್ಲಿ ತುದಿ ಮುಟ್ಟುತ್ತದೆ. ಸೋಂಕು ಹತೋಟಿಗೆ ಬಂದರೆ ದಿನಕ್ಕೆ ಅರ್ಧದಷ್ಟು ಇಳಿಯುತ್ತದೆ. 44ರಿಂದ 21 ಅಂದರೆ ಅದೇ ಲೆಕ್ಕ. ತುದಿಯಿಂದ 80 ಶೇಕಡಾ ಇಳಿದಾಗ, ಇಲ್ಲವೇ 0.5ರ ಕೆಳಗೆ ಬಂದಾಗ, ರೋಗಿಯೂ ಚೇತರಿಸಿಕೊಂಡಿದ್ದರೆ ಆಂಟಿಬಯೋಟಿಕ್ ನಿಲ್ಲಿಸುವ ಯೋಚನೆ ಮಾಡುತ್ತಾರೆ. ಕಿಡ್ನಿ ಸೋತವರಲ್ಲಿ, ದೊಡ್ಡ ಆಪರೇಷನ್ ಆದವರಲ್ಲಿ ಸೋಂಕಿಲ್ಲದೆಯೂ ಇದು ಏರಬಹುದು. ದಿನಕ್ಕೆರಡು ಸಲ ಮಾಡಿಸಿರೆಂದು ಒತ್ತಾಯಿಸಬೇಡಿ, ದುಡ್ಡು ಖರ್ಚಾದೀತೇ ಹೊರತು ಚಿಕಿತ್ಸೆ ಬದಲಾಗುವುದಿಲ್ಲ. ಉರಿಯೂತ ತೋರಿಸುವ ಸಿಆರ್‌ಪಿ ಎಂಬ ರಕ್ತಪರೀಕ್ಷೆ ಇನ್ನೂ ನಿಧಾನದ್ದು, ಅದನ್ನು ಸದ್ಯ ಬದಿಗಿಡಿ.

ಕ್ರಿಯಾಟಿನಿನ್ ಕಿಡ್ನಿಯ ಹಿಂದಿನ ದಿನದ ಸುದ್ದಿ ಹೇಳುತ್ತದೆ. ಇವತ್ತಿನ ಸುದ್ದಿ ಮಂಚದ ಪಕ್ಕದ ಮೂತ್ರದ ಚೀಲದಲ್ಲಿದೆ. ತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಎಂ.ಎಲ್. ಬರಬೇಕು: ಅವ್ವ 60 ಕಿಲೋ ಇದ್ದರೆ ಆರು ಗಂಟೆಗೆ 180 ಎಂ.ಎಲ್. ಅಷ್ಟು ಬರುತ್ತಿದ್ದರೆ 2.9 ಅಲ್ಲೇ ನಿಂತು ಆಮೇಲೆ ಇಳಿಯುವ ಸಾಧ್ಯತೆ ಹೆಚ್ಚು.

ನನಗೆ ಚಿಂತೆಯಿರುವುದು ಪ್ಲೇಟ್‌ಲೆಟ್ ಬಗ್ಗೆ. ನಂಜಿನಲ್ಲಿ ಸಣ್ಣ ಸಣ್ಣ ರಕ್ತನಾಳಗಳೊಳಗೆ ರಕ್ತ ಹೆಪ್ಪುಗಟ್ಟುತ್ತ ಪ್ಲೇಟ್‌ಲೆಟ್ ಖರ್ಚಾಗುತ್ತವೆ. ಉಳಿಯುವವರಲ್ಲಿ ಸಾಮಾನ್ಯವಾಗಿ ನಾಲ್ಕೈದು ದಿನಕ್ಕೆ ಬೀಳುವುದು ನಿಂತು ಏರತೊಡಗುತ್ತದೆ. ಆಮೇಲೂ ಬೀಳುತ್ತಲೇ ಇದ್ದರೆ ಅದು ಕೆಟ್ಟ ಸೂಚನೆ. ಹೆಪ್ಪು ತಡೆಯಲು ಕೊಡುವ ಹೆಪಾರಿನ್ ಕಾರಣವೇ ಎಂದೂ ನೋಡಬೇಕಾಗುತ್ತದೆ. ಟ್ಯೂಬಿನಲ್ಲೇ ಪ್ಲೇಟ್‌ಲೆಟ್ ಗುಂಪುಗಟ್ಟಿ ಯಂತ್ರ ಕಡಿಮೆ ಎಣಿಸುವುದೂ ಉಂಟು, ಸ್ಮಿಯರ್ (ಗಾಜಿನ ಮೇಲೆ ಹರಡಿದ ರಕ್ತದ ಹನಿ) ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ. ರಕ್ತಸ್ರಾವ ಇಲ್ಲದಿದ್ದರೆ 74 ಸಾವಿರಕ್ಕೆ ಪ್ಲೇಟ್‌ಲೆಟ್ ಹಾಕುವುದಿಲ್ಲ. ಪಪ್ಪಾಯಿ ಎಲೆಯ ರಸ ಹಿಂಡಿಕೊಂಡು ಹೋಗಬೇಡಿ.

ಇಷ್ಟೆಲ್ಲದರ ನಡುವೆ ಕಾಲನ್ನು ಮರೆಯಬೇಡಿ. ಕೀವು, ಸತ್ತ ಮಾಂಸ ಒಳಗೇ ಉಳಿದರೆ ಇಳಿದ ಲ್ಯಾಕ್ಟೇಟ್, ಪ್ರೊಕ್ಯಾಲ್ಸಿಟೋನಿನ್ ಇಳಿದಲ್ಲೇ ನಿಲ್ಲುವುದಿಲ್ಲ. ನಾಳೆ ವೈದ್ಯರು ರೌಂಡ್ಸಿಗೆ ಬಂದಾಗ ಗಾಯವನ್ನು ಮತ್ತೆ ಸ್ವಚ್ಛಗೊಳಿಸಬೇಕಾ, ಬಿಪಿ ನಿಲ್ಲಿಸುವ ಔಷಧಿ ನಾರ್‌ಅಡ್ರಿನಲಿನ್ ಕೊಡುತ್ತಿದ್ದರೆ ಅದು ನಿನ್ನೆಗಿಂತ ಎಷ್ಟು ಕಡಿಮೆಯಾಗಿದೆ, ಆರು ಗಂಟೆಯಲ್ಲಿ ಮೂತ್ರ ಎಷ್ಟು ಬಂತು ಎಂದು ಕೇಳಿ. ಲ್ಯಾಕ್ಟೇಟ್ ಇಳಿದು, ಬಿಪಿ ಔಷಧಿಯೂ ಇಳಿಯುತ್ತಿದ್ದರೆ ಆ ಸುಧಾರಣೆ ಗಟ್ಟಿಯಾದದ್ದು.

ಪ್ರಶ್ನೆ: ನಾನು ಗದಗ ಜಿಲ್ಲೆಯಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿ 4.8 ಬಂದ ಲ್ಯಾಕ್ಟೇಟ್, ರೋಗಿಯನ್ನು ಹುಬ್ಬಳ್ಳಿಗೆ ಕಳಿಸಿದ ಮೇಲೆ ಅಲ್ಲಿ 2.9 ಬರುತ್ತದೆ. ತಪ್ಪು ನಮ್ಮದೇ?

ಉತ್ತರ: ದಾರಿಯಲ್ಲಿ ಓಡಿದ ಸಲೈನಿನಿಂದಲೂ ಇಳಿದಿರಬಹುದು. ಆದರೂ ನಿಮ್ಮ ಸ್ಯಾಂಪಲ್ ಲ್ಯಾಬ್ ತಲುಪಲು ಎಷ್ಟು ಹೊತ್ತಾಗುತ್ತದೆ ನೋಡಿ. ಕೆಂಪು ರಕ್ತಕಣಗಳು ಟ್ಯೂಬಿನೊಳಗೂ ಸಕ್ಕರೆ ತಿಂದು ಲ್ಯಾಕ್ಟೇಟ್ ಉಗುಳುತ್ತಲೇ ಇರುತ್ತವೆ. ಸಾದಾ ಟ್ಯೂಬಿನಲ್ಲಿ ಅರ್ಧ ಗಂಟೆ ಟೇಬಲ್ ಮೇಲೆ ಕೂತರೆ ಅಂಕಿ ಸುಳ್ಳಾಗುತ್ತದೆ. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬ್ ಬಳಸಿ, ತೆಗೆದ ಕೂಡಲೇ ಎಂಟು-ಹತ್ತು ಸಲ ನಿಧಾನವಾಗಿ ತಿರುವಿಹಾಕಿ, ಐಸಿನಲ್ಲಿಟ್ಟು ಕಳಿಸಿ. ಫ್ಲೋರೈಡ್ ಇಲ್ಲದಿದ್ದರೆ 15 ನಿಮಿಷದೊಳಗೆ ಪರೀಕ್ಷೆಯಾಗಬೇಕು. ಟೂರ್ನಿಕೆ ಬಿಗಿದು ಹೆಚ್ಚು ಹೊತ್ತು ಬಿಡಬೇಡಿ, ಮುಷ್ಟಿ ಬಿಗಿಹಿಡಿದು ಬಿಡಲು ಹೇಳಬೇಡಿ. ಡ್ರಿಪ್ ಓಡುತ್ತಿರುವ ಕೈಯಿಂದ ಎಂದೂ ತೆಗೆಯಬೇಡಿ. ಮೊದಲ ಸಲ ಸಿರೆಯಿಂದ ತೆಗೆದಿದ್ದರೆ ಮುಂದೆಯೂ ಸಿರೆಯದನ್ನೇ ಹೋಲಿಸಿ. ಸಾಲ್ಬ್ಯುಟಮಾಲ್ ನೆಬ್ಯುಲೈಸೇಷನ್, ಆಗಷ್ಟೇ ಬಂದುಹೋದ ಫಿಟ್ಸ್ ಕೂಡ ಅಂಕಿ ಏರಿಸುತ್ತವೆ.

ರಿಪೋರ್ಟಿನ ಅಳತೆಯನ್ನೂ ನೋಡಿ. ಇಲ್ಲಿನ ಲ್ಯಾಕ್ಟೇಟ್ ಅಂಕಿಗಳು ಮಿಲಿಮೋಲ್ ಲೆಕ್ಕದವು, ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟಿದ್ದರೆ 9ರಿಂದ ಭಾಗಿಸಿ: 36 ಅಂದರೆ 4.

ಲ್ಯಾಕ್ಟೇಟ್ ಸಿಗದ ರಾತ್ರಿಯಲ್ಲಿ ಬೆರಳ ತುದಿ ಇದೆ. ಉಗುರು ಬಿಳುಚುವಂತೆ 10 ಸೆಕೆಂಡ್ ಒತ್ತಿ ಬಿಡಿ. ಕೆಂಪು ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತ ತುದಿಗೆ ಸರಿಯಾಗಿ ಮುಟ್ಟುತ್ತಿಲ್ಲ. ಬ್ಲಡ್ ಕಲ್ಚರ್‌ಗೆ (ರೋಗಾಣು ಪತ್ತೆಯ ಪರೀಕ್ಷೆಗೆ) ರಕ್ತ ತೆಗೆದು ಮೊದಲ ಆಂಟಿಬಯೋಟಿಕ್ ನಿಮ್ಮಲ್ಲೇ ಕೊಡಿಸಿ. ಶಾಕ್ ಇದ್ದರೆ ಅದು ಒಂದು ಗಂಟೆಯೊಳಗೆ ಹೋಗಬೇಕು, ಹುಬ್ಬಳ್ಳಿ ಮುಟ್ಟುವ ತನಕ ಕಾಯುವ ಹಾಗಿಲ್ಲ. ರೆಫರಲ್ ಚೀಟಿಯ ಮೇಲೆ ಲ್ಯಾಕ್ಟೇಟ್ ಅಂಕಿ, ರಕ್ತ ತೆಗೆದ ಸಮಯ, ಸಿರೆಯದೋ ಧಮನಿಯದೋ, ಆಂಟಿಬಯೋಟಿಕ್ ಹಾಕಿದ ಸಮಯ, ಅಷ್ಟರೊಳಗೆ ಹೋದ ಸಲೈನ್ ಎಷ್ಟು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅಲ್ಲಿನ 2.9ನ್ನು ಓದಲು ಅವರಿಗೆ ನಿಮ್ಮ 4.8 ಬೇಕು.