ಗುಜರಿಯಲ್ಲಿ ಸಿಕ್ಕ ಎರಡು ಎಂಜಿನ್ನಿನ ಹಳೆಯ ಗೋ-ಕಾರ್ಟ್ ಯಾವುದೆಂದು ಗುರುತಿಸುವುದು ಹೇಗೆ?

ಚಿತ್ರದುರ್ಗದ ಗುಜರಿ ಅಂಗಡಿಯಲ್ಲಿ ಕೊಂಡ ಗೋ-ಕಾರ್ಟ್ (ರೇಸಿಗೆ ಬಳಸುವ ಪುಟ್ಟ ತೆರೆದ ಬಂಡಿ) ಬಗ್ಗೆ ನೀವು ಬರೆದಿರುವುದು ಇಷ್ಟು: ಸೀಟಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ಎಂಜಿನ್ ಇದೆ, ಒಂದರ ಹೊದಿಕೆಯ ಮೇಲೆ ಮೆಕಲಕ್ ಎಂಬ ಉಬ್ಬಕ್ಷರಗಳಿವೆ, ಇನ್ನೊಂದಕ್ಕೆ ಹೊದಿಕೆಯೇ ಇಲ್ಲ, ಚಾಸಿಯ (ಬಂಡಿಯ ಕೊಳವೆ ಚೌಕಟ್ಟು) ಮೇಲೆ ಹೆಸರಿನ ತಗಡೂ ಇಲ್ಲ. ಇದು ನಿಜವಾದ ರೇಸ್ ಕಾರ್ಟೋ ಅಥವಾ ಮರ ಕೊಯ್ಯುವ ಯಂತ್ರದ ಎಂಜಿನ್ ಕೂರಿಸಿ ಯಾರೋ ಮನೆಯಲ್ಲಿ ಮಾಡಿಕೊಂಡದ್ದೋ ಎಂದು ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಹಳೆಯ ಟೂ ಸ್ಟ್ರೋಕ್ ಎಂಜಿನ್‌ಗಳ ಕೆಲಸ ಮಾಡುವವನು. ನನ್ನ ಸಲಹೆ ಎಂದರೆ, ಎಂಜಿನ್ ಮೇಲಿನ ಹೆಸರನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು ಚಾಸಿ, ಆಕ್ಸಲ್ ಮತ್ತು ಬೋಲ್ಟುಗಳನ್ನು ಮೊದಲು ಪರೀಕ್ಷಿಸಿ. ನಾಲ್ಕು ಬೋಲ್ಟ್ ಬಿಚ್ಚಿದರೆ ಎಂಜಿನ್ ಬದಲಾಗುತ್ತದೆ. ಚಾಸಿಯ ಮೇಲಿನ ಹಳೆಯ ವೆಲ್ಡಿಂಗ್ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಗರಗಸದ ಎಂಜಿನ್ ಎಂಬ ಅನುಮಾನ ಬಂದ ಮಾತ್ರಕ್ಕೆ ಅದನ್ನು ತಳ್ಳಿಹಾಕಬೇಡಿ. 1956ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗಲ್ಸ್ ಮೊದಲ ಕಾರ್ಟ್ ಕಟ್ಟಿದಾಗ ಅದಕ್ಕೆ ಹಾಕಿದ್ದು ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ತಯಾರಾಗಿದ್ದ ವೆಸ್ಟ್ ಬೆಂಡ್ ಕಂಪನಿಯ ಟೂ ಸ್ಟ್ರೋಕ್ ಎಂಜಿನ್ನನ್ನು. ಚೈನ್ ಸಾ, ಅಂದರೆ ಮರ ಕೊಯ್ಯುವ ಚೈನ್ ಗರಗಸ ತಯಾರಕರಾಗಿದ್ದ ಮೆಕಲಕ್‌ನವರು 1959ರಲ್ಲಿ ತಮ್ಮ ಗರಗಸದ ಎಂಜಿನ್ನನ್ನೇ ತಿದ್ದಿ, ಕಾರ್ಟಿಗೆಂದೇ ಎಂಸಿ-10 ಎಂಬುದನ್ನು ಹೊರತಂದರು. ಎಂಸಿ-91, ಎಂಸಿ-101 ಮುಂತಾದವು ಅದರ ನಂತರ ಬಂದವು. ಹೀಗಾಗಿ ಎರಡಕ್ಕೂ ಹೋಲಿಕೆ ಇದ್ದೇ ಇರುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ಎರಕದ ಭಾಗವನ್ನು ನೋಡಿ. ಗರಗಸದ ಎಂಜಿನ್ನಿನಲ್ಲಿ ಚೈನ್ ಸುತ್ತುವ ಉದ್ದ ಪಟ್ಟಿಯನ್ನು (ಬಾರ್) ಹಿಡಿದಿಡುವ ಸ್ಟಡ್‌ಗಳು, ಚೈನಿಗೆ ಎಣ್ಣೆ ಹಾಯಿಸುವ ಪಂಪಿನ ಜಾಗ ಮತ್ತು ಹಿಡಿಕೆ ಕೂರುವ ಕಿವಿಗಳು ಇರುತ್ತವೆ. ಕಾರ್ಟಿನ ಎಂಜಿನ್ನಿಗೆ ಇವು ಬೇಕಿಲ್ಲ. ಅದರ ತಳ ಚಪ್ಪಟೆಯಾಗಿ, ಮೌಂಟಿಂಗ್ ಪ್ಲೇಟಿನ ಮೇಲೆ ಬೋಲ್ಟ್ ಹಾಕಿ ಕೂರಿಸುವಂತಿರುತ್ತದೆ.

ನಿಮ್ಮ ವಿಷಯದಲ್ಲಿ ಹೆಚ್ಚು ಹೇಳಬಲ್ಲದ್ದು ಎರಡು ಎಂಜಿನ್‌ಗಳ ಜೋಡಣೆ. ಅಮೆರಿಕದಲ್ಲಿ ಆ ಕಾಲದಲ್ಲಿ ಸುಮಾರು 100 ಸಿಸಿಯ ಎರಡು ಎಂಜಿನ್ ಹಾಕಿ ದೊಡ್ಡ ವರ್ಗದಲ್ಲಿ ಓಡಿಸುವ ರೂಢಿ ಇತ್ತು, ಆದ್ದರಿಂದ ಜೋಡಿ ಎಂಜಿನ್ ಇರುವುದು ಅಸಹಜವಲ್ಲ. ಆದರೆ ಕಾರ್ಟಿನಲ್ಲಿ ಡಿಫರೆನ್ಷಿಯಲ್ (ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರ್) ಇರುವುದಿಲ್ಲ. ಹಿಂದಿನದು ಒಂದೇ ಗಟ್ಟಿ ಆಕ್ಸಲ್, ಎರಡೂ ಎಂಜಿನ್ ಅದನ್ನು ಒಂದೇ ದಿಕ್ಕಿಗೆ ತಿರುಗಿಸಬೇಕು. ಒಂದೇ ಮಾದರಿಯ ಎರಡು ಎಂಜಿನ್‌ಗಳನ್ನು ಒಂದಕ್ಕೊಂದು ಬೆನ್ನು ಮಾಡಿ, ಎರಡರ ಸ್ಪ್ರಾಕೆಟ್ಟೂ (ಚೈನ್ ಕೂರುವ ಹಲ್ಲುಚಕ್ರ) ಹೊರಗೆ ಬರುವಂತೆ ಕೂರಿಸಿದರೆ, ಒಂದು ಮುಂದಕ್ಕೆ ತಿರುಗಿಸಿದಾಗ ಇನ್ನೊಂದು ಹಿಂದಕ್ಕೆ ತಿರುಗಿಸಲು ಹವಣಿಸುತ್ತದೆ. ಆದ್ದರಿಂದ ಎರಡರ ಫ್ಲೈವೀಲ್ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ) ಯಾವ ಕಡೆಗಿದೆ ನೋಡಿ. ಎರಡೂ ಒಂದೇ ಕಡೆಗಿದ್ದರೆ ಜೋಡಣೆ ಸರಿಯಾಗಿದೆ. ಎದುರುಬದುರಾಗಿದ್ದರೆ, ಎರಡರಲ್ಲೊಂದು ವಿರುದ್ಧ ದಿಕ್ಕಿಗೆ ತಿರುಗುವಂತೆ ಮಾಡಿದ ಎಂಜಿನ್ ಆಗಿರಬೇಕು. ಹಾಗಿಲ್ಲದಿದ್ದರೆ ಅದನ್ನು ಯಾರೋ ಅಂದಕ್ಕಾಗಿ ಆಮೇಲೆ ಸೇರಿಸಿದ್ದಾರೆ ಎಂದರ್ಥ. ಆಕ್ಸಲ್ ಮೇಲೆ ಎರಡು ಸ್ಪ್ರಾಕೆಟ್ ಇವೆಯೇ, ಎರಡರ ಹಲ್ಲುಗಳೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಸವೆದಿವೆಯೇ, ಆಕ್ಸಿಲರೇಟರ್ ಪೆಡಲಿಗೆ ಎರಡು ಕೇಬಲ್ ಕಟ್ಟುವ ಏರ್ಪಾಡು ಇದೆಯೇ ಎಂಬುದನ್ನೂ ಬರೆದು ತಿಳಿಸಿ.

ಕಾಲ ಊಹಿಸಲು ಚೈನ್ ಸಹಾಯ ಮಾಡುತ್ತದೆ. ಹಳೆಯ ಅಮೆರಿಕನ್ ಕಾರ್ಟುಗಳಲ್ಲಿ ಸಾಮಾನ್ಯವಾಗಿದ್ದ 35 ನಂಬರ್ ಚೈನಿನ ಪಿಚ್ (ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ಅಂತರ) 9.525 ಮಿಲಿಮೀಟರ್, ಈಗ ಕಾರ್ಟುಗಳಲ್ಲಿ ಬಳಸುವ 219 ಚೈನಿನದು ಸುಮಾರು 7.77 ಮಿಲಿಮೀಟರ್. ಹತ್ತು ಪಿಚ್‌ಗಳನ್ನು ಒಟ್ಟಿಗೆ ಅಳೆದು ಹತ್ತರಿಂದ ಭಾಗಿಸಿದರೆ ಅಳತೆಯ ತಪ್ಪು ಕಡಿಮೆಯಾಗುತ್ತದೆ. ಆಕ್ಸಲ್ಲಿನ ದಪ್ಪವನ್ನೂ ಅಳೆಯಿರಿ: ಇಂದಿನ ರೇಸ್ ಕಾರ್ಟುಗಳ ಪೊಳ್ಳು ಆಕ್ಸಲ್ 50 ಮಿಲಿಮೀಟರ್ ಇರುತ್ತದೆ, ಒಂದು ಇಂಚಿನ ಆಸುಪಾಸಿನ ಆಕ್ಸಲ್ ಬಹಳ ಹಿಂದಿನದು. ಎಂಜಿನ್ ಸೀಟಿನ ಪಕ್ಕದಲ್ಲಿರದೆ ಹಿಂದೆ ಇರುವುದೂ ಆರಂಭದ ಕಾಲದ ಕಡೆಗೇ ಬೆರಳು ತೋರಿಸುತ್ತದೆ.

ಇನ್ನು ಬೋಲ್ಟುಗಳು. ಚಾಸಿ ಯಾವ ದೇಶದ್ದೆಂದು ಇವುಗಳ ಸುರುಳಿ ಎಳೆಗಳಿಂದ (ತ್ರೆಡ್) ಊಹಿಸಬಹುದು. ಇದಕ್ಕೆ ಎಳೆ ಅಳೆಯುವ ತ್ರೆಡ್ ಗೇಜ್ ಸಾಕು, ಅದು ಯಾವ ಲೇತ್ ಅಂಗಡಿಯಲ್ಲೂ ಸಿಗುತ್ತದೆ. ಅಮೆರಿಕದ ಇಂಚಿನ ತ್ರೆಡ್ಡಿನ ಕೋನ 60 ಡಿಗ್ರಿ, ನಮ್ಮ ಹಳೆಯ ವರ್ಕ್‌ಶಾಪ್‌ಗಳಲ್ಲಿ ನಡೆಯುತ್ತಿದ್ದ ಬ್ರಿಟಿಷರ ವಿಟ್ವರ್ತ್ ತ್ರೆಡ್ಡಿನದು 55 ಡಿಗ್ರಿ. ಕಾಲಿಂಚು ಬೋಲ್ಟಿನಲ್ಲಿ ವಿಟ್ವರ್ತ್‌ಗೂ ಅಮೆರಿಕದ ದಪ್ಪ ತ್ರೆಡ್ಡಿಗೂ ಇಂಚಿಗೆ 20 ಎಳೆಗಳೇ ಇರುವುದರಿಂದ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ. ಅರ್ಧ ಇಂಚಿನ ಬೋಲ್ಟ್ ಸಿಕ್ಕರೆ ವಿಟ್ವರ್ತ್‌ನಲ್ಲಿ 12, ಅಮೆರಿಕದ್ದರಲ್ಲಿ 13 ಎಳೆ ಇರುತ್ತವೆ. ಸಡಿಲ ಬೋಲ್ಟುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸ್ಟಿಯರಿಂಗ್ ಸ್ಪಿಂಡಲ್, ಚಾಸಿಗೆ ಬೆಸೆದ ನಟ್‌ಗಳಂಥ ಬದಲಾಯಿಸಲಾಗದ ಜಾಗಗಳಲ್ಲಿ ವಿಟ್ವರ್ತ್ ಕಂಡರೆ ಚಾಸಿ ಅಮೆರಿಕದ್ದಲ್ಲ ಎಂದು ನಾನು ಬಹುಮಟ್ಟಿಗೆ ಒಪ್ಪಿಕೊಳ್ಳುತ್ತೇನೆ. ಹಾಗಾದರೂ ಅದು ಕಡಿಮೆ ಬೆಲೆಯ ವಸ್ತುವಲ್ಲ: 1941ರಲ್ಲಿ ಹರಿಹರದಲ್ಲಿ ಲೇತ್ ತಯಾರಿಸುತ್ತಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದಂದಿನಿಂದ ಈ ಭಾಗದಲ್ಲಿ ಒಳ್ಳೆಯ ಟರ್ನರ್‌ಗಳಿಗೆ (ಲೇತ್ ಕೆಲಸಗಾರರಿಗೆ) ಕೊರತೆ ಇರಲಿಲ್ಲ, ಇಲ್ಲಿಯೇ ಕಟ್ಟಿದ ಚಾಸಿ ಎಂದು ಸಾಬೀತಾದರೆ ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂದು ನಾನು ಬೇಡಿಕೊಳ್ಳುತ್ತೇನೆ.

ಹೊದಿಕೆಯಿಲ್ಲದ ಎಂಜಿನ್ನಿಗೆ ಬೋಲ್ಟ್ ಹಾಕಿದ ಹೆಡ್ ಇದ್ದರೆ ಬಿಚ್ಚಿ ಬೋರ್ (ಸಿಲಿಂಡರಿನ ಒಳವ್ಯಾಸ) ಮತ್ತು ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಅಳೆಯಿರಿ. ಉದಾಹರಣೆಗೆ 52 ಮತ್ತು 46 ಮಿಲಿಮೀಟರ್ ಬಂದರೆ ಯಮಹಾ ಕೆಟಿ100 ಇರಬಹುದು, ಅದು 1970ರ ದಶಕದ್ದು, ಅಂದರೆ ಮೂಲ ಜೋಡಿ ಅಲ್ಲ. ಹೆಡ್ ಮತ್ತು ಸಿಲಿಂಡರ್ ಒಂದೇ ಎರಕವಾಗಿದ್ದರೆ ಉಳಿ ಹಾಕಿ ಎಬ್ಬಿಸಲು ಹೋಗಬೇಡಿ.

ಈ ಪರೀಕ್ಷೆಗಳು ಮುಗಿಯುವವರೆಗೆ ಎಂಜಿನ್ ಚಾಲು ಮಾಡಬೇಡಿ. ಆ ಕಾಲದಲ್ಲಿ ರೇಸಿಗೆ ಹರಳೆಣ್ಣೆ ಬೆರೆಸಿ ಓಡಿಸುತ್ತಿದ್ದರು. ಅದು ವರ್ಷಾನುಗಟ್ಟಲೆ ನಿಂತರೆ ಅಂಟಾಗಿ ರಿಂಗುಗಳನ್ನು ಹಿಡಿದುಬಿಡುತ್ತದೆ. ಪ್ಲಗ್ ಬಿಚ್ಚಿ ಡೀಸೆಲ್ ಬಿಟ್ಟು, ಕೆಲವು ದಿನ ನೆನೆಸಿ, ಫ್ಲೈವೀಲನ್ನು ಕೈಯಿಂದಲೇ ಮೆಲ್ಲಗೆ ಅಲ್ಲಾಡಿಸಿ. ಚಾಸಿಗೆ ಆಸಿಡ್ಡಾಗಲಿ ಗ್ರೈಂಡರಾಗಲಿ ಮುಟ್ಟಿಸಬೇಡಿ, ಏಕೆಂದರೆ ಬಣ್ಣದ ಪದರಗಳ ಅಡಿಯಲ್ಲಿ ಒತ್ತಿದ ನಂಬರ್ ಇರಬಹುದು. ಮುಂದಿನ ಸಲ ಫೋಟೋ ಹಾಕುವಾಗ ಎಂಜಿನ್ ಪ್ಲೇಟುಗಳ ಅಡಿಭಾಗ, ಆಕ್ಸಲ್ಲಿನ ಎರಡೂ ತುದಿ ಮತ್ತು ಬ್ರೇಕ್ ಕಾಣುವಂತೆ ತೆಗೆದು ಹಾಕಿ.